ಮರದ ರುಚಿಯ ಪಾನ

ಗುಲಬರ್ಗಾ ಎಂದು ಬಹುಕಾಲ ಕರೆಯಲ್ಪಟ್ಟು 2014ರಲ್ಲಿ ಕಲಬುರಗಿ ಎಂಬ ಹೆಸರನ್ನು ಮರಳಿ ಪಡೆದ ಜಿಲ್ಲೆಯಲ್ಲಿ ಪಡುವಣಕ್ಕೆ ಆಳಂದ, ಅಫಜಲಪುರ, ತೆಂಕಣಕ್ಕೆ ಜೇವರ್ಗಿ ಎಂಬ ಮೂರು ತಾಲೂಕುಗಳಿವೆ. ಇವನ್ನು ನೀರೇ ಪೋಣಿಸಿದೆ. ಆಳಂದದ ಸೀಮೆಯಲ್ಲಿ ಹುಟ್ಟುವ ಅಮರ್ಜಾ ನದಿಯು ಕೊರಳ್ಳಿಯ ಅಣೆಕಟ್ಟನ್ನು ದಾಟಿ, ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ; ಭೀಮೆಯು ಮುಂದೆ ಜೇವರ್ಗಿಯ ನೆಲವನ್ನು ಮುಟ್ಟಿಕೊಂಡು ಹರಿಯುತ್ತದೆ. ಈ ದಾರಿಯಲ್ಲಿ ಸಂಚರಿಸುವವರು ಸಾಮಾನ್ಯವಾಗಿ ದತ್ತನ ದರ್ಶನಕ್ಕೆಂದೋ, ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆಂದೋ, ವಚನಕಾರ ಷಣ್ಮುಖಸ್ವಾಮಿಗಳ ಜೇವರ್ಗಿಯನ್ನು ಕಾಣಲೆಂದೋ ಹೋಗುವರು. ನಾವು ಹೋದದ್ದು ಒಂದು ಮರದ ತೊಗಟೆಯನ್ನು ನೋಡಲು.

ಜಪಾನಿನಲ್ಲಿ ಮರದ ಪರಿಮಳವನ್ನಿಳಿಸಿದ ಸಿಹಿಮದ್ಯವೊಂದುಂಟೆಂದೂ, ಅದನ್ನು ಊಟವಾದ ಮೇಲೆ ಪುಟ್ಟ ಬಟ್ಟಲಿನಲ್ಲಿ ಸೇವಿಸುವರೆಂದೂ, ಬೇರೆ ಪಾನೀಯಗಳೊಡನೆ ಬೆರೆಸುವರೆಂದೂ ಓದಿದ್ದೆವು. ಆ ದೇಶದವರಿಗೆ ಇದು ಹೊಸತಲ್ಲ. ಅಕ್ಕಿಯ ಮದ್ಯವನ್ನು ಸುಗಿ ಎಂಬ ಮರದ ಪೀಪಾಯಿಗಳಲ್ಲಿಟ್ಟು ಆ ಮರದ ವಾಸನೆಯನ್ನು ಹತ್ತಿಸುವುದು ಅಲ್ಲಿಯ ಹಳೆಯ ಪದ್ಧತಿ. ಯೋಮೈಶು ಎಂಬ ಔಷಧಮದ್ಯದಲ್ಲಿ ಕುರೋಮೋಜಿ ಎಂಬ ಪರಿಮಳದ ಕಡ್ಡಿಯು ಸೇರುತ್ತದೆ. ಅದರ ತಯಾರಿಕೆಯು 1602ರಿಂದ ನಡೆದು ಬಂದಿದೆಯೆಂದು ತಯಾರಕರು ಹೇಳಿಕೊಳ್ಳುತ್ತಾರೆ. 2018ರಲ್ಲಂತೂ ಅಲ್ಲಿಯ ಅರಣ್ಯ ಸಂಶೋಧನಾಲಯದವರು ಮರವನ್ನೇ ನುಣ್ಣಗೆ ಅರೆದು, ಅದರ ನಾರನ್ನು ಸಕ್ಕರೆಯಾಗಿ ಒಡೆದು, ಹುಳಿಸಿ ಮದ್ಯ ಮಾಡಬಹುದೆಂದು ಪ್ರಕಟಿಸಿದರು. ಇದನ್ನೆಲ್ಲ ಓದಿದಾಗ ನಮಗೆ ನೆನಪಾದದ್ದು ನಮ್ಮ ಬಯಲುಸೀಮೆಯ ಬಿಳಿ ಜಾಲಿ.

ಆಳಂದದಿಂದ ಹೊರಟರೆ ದಾರಿಯ ಇಕ್ಕೆಲದಲ್ಲಿ ಎರೆಮಣ್ಣು, ಅದರ ಮೇಲೆ ತೊಗರಿ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದರ ರುಚಿಯ ವಿಚಾರವನ್ನು ಗೃಹಿಣಿಯರಿಗೆ ನಾವು ಹೇಳಬೇಕಾದುದಿಲ್ಲ. ಹೊಲದ ಬದುವಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಜಾಲಿ ನಿಂತಿರುತ್ತದೆ. ಕರಿ ಜಾಲಿಯ ಹೂವು ಕಣ್ಣು ಕುಕ್ಕುವ ಹಳದಿ. ಇದರದು ಮಾಸಲು ಹಾಲಿನ ಬಣ್ಣ. ತೊಗಟೆಯೂ ಬಿಳಿಚು. ಅಂತಹ ಮರವೊಂದರ ನೆರಳಿನಲ್ಲಿ ಆಡುಗಳನ್ನು ನಿಲ್ಲಿಸಿಕೊಂಡು ಕುಳಿತಿದ್ದ ಮುದುಕರೊಬ್ಬರನ್ನು, “ಮುತ್ಯಾ, ಇದರ ತೊಗಟೆ ಯಾತಕ್ಕ ಬರ್ತದ್ರಿ?” ಎಂದು ಕೇಳಿದೆವು. ಅವರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹಿಂದಕ್ಕ ಸೆರೆ ಕಾಸೋರು ಸುಲಕೊಂಡು ಹೋಗ್ತಿದ್ರು. ಈಗ ಯಾರೂ ಸುಲಿಯಲ್ಲ, ಅದಕ್ಕ ಗಿಡ ಉಳದಾದ” ಎಂದರು.

ಮುದುಕರ ಮಾತು ಶಾಸ್ತ್ರಕ್ಕೂ ಒಪ್ಪುತ್ತದೆ. ಬೆಲ್ಲದ ನೀರಿನಿಂದ ಸಾರಾಯಿ ಇಳಿಸುವಾಗ ಈ ತೊಗಟೆಯನ್ನು ಗಡಿಗೆಯಲ್ಲಿ ಹಾಕುತ್ತಿದ್ದರು. ಅದರ ಒಗರು ಕಲ್ಮಷವನ್ನು ತಳಕ್ಕಿಳಿಸಿ, ಮದ್ಯಕ್ಕೆ ಒಂದು ಬಗೆಯ ರುಚಿಯನ್ನೂ ಕೊಡುತ್ತದೆಂದು ಹಳೆಯ ಸಸ್ಯಶಾಸ್ತ್ರಜ್ಞರು ಬರೆದಿದ್ದಾರೆ. ಹಿಂದಿಯವರು ಈ ಮರವನ್ನು ಶರಾಬಿನ ಕೀಕರವೆಂದೇ ಕರೆದರು. ತಮಿಳರಲ್ಲಿ ಪಟ್ಟೆ ಚಾರಾಯ ಎಂಬ ಮಾತಿಗೆ ತೊಗಟೆಯ ಸಾರಾಯಿ ಎಂದೇ ಅರ್ಥ. ಅಂದ ಮೇಲೆ ಮರದ ರುಚಿಯ ಮದ್ಯವನ್ನು ಬಲ್ಲವರು ಜಪಾನಿನವರು ಮಾತ್ರವಲ್ಲ. ಭೇದವಿರುವುದು ಬಟ್ಟಲಿನ ಅಳತೆಯಲ್ಲಿ. ಈ ಸೀಮೆಯು 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಸಾರಾಯಿ ಮತ್ತು ಈಚಲ ಶಿಂದಿಗಳಿಂದ ಬರುತ್ತಿದ್ದ ಅಬಕಾರಿಯ ಹಣವು ಆ ಬೊಕ್ಕಸದ ದೊಡ್ಡ ಆಧಾರಗಳಲ್ಲೊಂದಾಗಿತ್ತು. 1956ರಲ್ಲಿ ನಾಡು ಒಂದಾಯಿತು. ಅಬಕಾರಿಯ ಮೇಲಿನ ಆಸೆ ಸರ್ಕಾರಕ್ಕೆ ಹೋಗಲಿಲ್ಲ.

ಗಾಣಗಾಪುರಕ್ಕೆ ಬಂದಾಗ ಮರದ ಮಾತು ಬೇರೊಂದು ದಾರಿ ಹಿಡಿಯಿತು. ಸಂಗಮದಲ್ಲಿ ಔದುಂಬರ ವೃಕ್ಷ, ಎಂದರೆ ನಮ್ಮ ಅತ್ತಿ, ಪೂಜೆಗೊಳ್ಳುತ್ತದೆ. ಭಕ್ತರು ಅದರ ನೆರಳಿನಲ್ಲಿ ಗುರುಚರಿತ್ರೆಯನ್ನು ಪಾರಾಯಣ ಮಾಡುತ್ತಾರೆ. ಕುಷ್ಠದಿಂದ ನೊಂದ ನರಹರಿಯೆಂಬ ಬ್ರಾಹ್ಮಣನಿಗೆ ನೃಸಿಂಹ ಸರಸ್ವತಿಗಳು ಒಣಗಿದ ಔದುಂಬರದ ಕೊರಡೊಂದನ್ನು ಕೊಟ್ಟು ನೀರೆರೆಯಲು ಹೇಳಿದರು. ಜನ ನಕ್ಕರೂ ಅವನು ಎರೆಯುವುದನ್ನು ಬಿಡಲಿಲ್ಲ. ಕೊನೆಗೆ ಕೊರಡು ಚಿಗುರಿತು, ಅವನ ಮೈಯೂ ಶುದ್ಧವಾಯಿತು ಎಂಬುದು ಆ ಗ್ರಂಥದ ಕಥೆ. ಅತ್ತಿಯ ಬೇರನ್ನು ಕಡಿದು ಅದರಿಂದ ಜಿನುಗುವ ನೀರನ್ನು ಗಡಿಗೆಯಲ್ಲಿ ಹಿಡಿದು ತಂಪಿಗೆಂದು ಕುಡಿಯುವ ರೂಢಿಯೂ ದಖ್ಖನದಲ್ಲಿ ಉಂಟು. ಇದರಲ್ಲಿ ಅಮಲಿಲ್ಲ.

ಕುಷ್ಠದ ಮಾತು ಬಂದಾಗ ಖದಿರಾರಿಷ್ಟವನ್ನು ಮರೆಯಲಾಗದು. ಕಗ್ಗಲಿಯ ಚೇಗು, ದೇವದಾರುವಿನ ಚಕ್ಕೆ ಮೊದಲಾದವುಗಳ ಕಷಾಯಕ್ಕೆ ಜೇನು, ಸಕ್ಕರೆ, ಧಾತಕಿಯ ಹೂವು ಸೇರಿಸಿ, ಮುಚ್ಚಿಟ್ಟು ಹುಳಿಸಿದರೆ ಇದು ಸಿದ್ಧವಾಗುವುದು. ಆಯುರ್ವೇದದವರು ಚರ್ಮರೋಗಗಳಿಗೆ ಇದನ್ನು ಊಟವಾದ ಮೇಲೆ, ಸಮಪಾಲು ನೀರಿನೊಡನೆ, ಕೆಲವು ಚಮಚಗಳಷ್ಟು ಮಾತ್ರ ಕೊಡುತ್ತಾರೆ. ತಾನಾಗಿ ಹುಟ್ಟುವ ಮದ್ಯಾಂಶವು ಇಂತಹ ಅರಿಷ್ಟಗಳಲ್ಲಿ ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟಿರುತ್ತದೆ. ಮರದ ಸಾರ, ಸಿಹಿ, ಊಟದ ನಂತರದ ಬಟ್ಟಲು: ಜಪಾನಿನ ಶೀಸೆಗೆ ನಮ್ಮಲ್ಲಿ ಜೋಡಿಯಿದ್ದರೆ ಇದೇ ಎಂದು ನಮಗೆ ತೋರುತ್ತದೆ. ಇಂದಿನ ಕುಷ್ಠರೋಗಕ್ಕೆ ಮಾತ್ರ ಆಸ್ಪತ್ರೆಯ ಮಾತ್ರೆಗಳೇ ಮದ್ದು. ಅವು ರೋಗವನ್ನು ಪೂರ್ಣವಾಗಿ ಗುಣಪಡಿಸುತ್ತವೆ. ಈ ಮಾತಿನಲ್ಲಿ ಸಂಕೋಚ ಬೇಡ.

ಕಟ್ಟಿ ಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿ ಜೇವರ್ಗಿಯ ಕಡೆಯ ಹಳ್ಳಿಯೊಂದರಲ್ಲಿ ಪರಿಚಿತರ ಮನೆಯಲ್ಲಿ ಊಟ ಮಾಡಿದೆವು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾದ ಹಿಂಡಿ. ಊಟವಾದ ಮೇಲೆ ಮನೆಯ ಹಿರಿಯ ತಾಯಿ ತಾಂಬೂಲದ ತಟ್ಟೆಯನ್ನು ಮುಂದಿಟ್ಟರು. ಅದರಲ್ಲಿ ಕಾಚು ಕಂಡಿತು. ಅದೂ ಕಗ್ಗಲಿಯ ಚೇಗನ್ನೇ ಚೂರುಮಾಡಿ ಕುದಿಸಿ ಬತ್ತಿಸಿದ ಸಾರ. ಅಡಿಕೆಯು ಬಾಯಿಯ ಅರ್ಬುದಕ್ಕೆ ಕಾರಣವೆಂದು ವೈದ್ಯರು ತೋರಿಸಿರುವುದರಿಂದ ನಾವು ಎಲೆಯನ್ನಷ್ಟೇ ತೆಗೆದುಕೊಂಡೆವು.

ನಮ್ಮ ಪ್ರವಾಸದ ಕಾರಣವನ್ನು ಕೇಳಿದ ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ತಮ್ಮ ಯಜಮಾನರ ಕಾಲವನ್ನು ಹೇಳಿದರು. ಸಾರಾಯಿ ಆಗ ಗಡಿಗೆಯನ್ನು ಬಿಟ್ಟು ಪಾಕೀಟಿನಲ್ಲಿ ಬರುತ್ತಿತ್ತು. ಕೂಲಿಯ ಹಣ ಮನೆಗೆ ಬರುವ ಮೊದಲೇ ಅಂಗಡಿಗೆ ಮುಟ್ಟುತ್ತಿತ್ತು. ಮೊದಲು ಒಂದು ಎತ್ತು ಹೋಯಿತು, ಮರುವರ್ಷ ಇನ್ನೊಂದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಅವರು ದೇವರಿಗೆ ಕಾಯಿ ಒಡೆಸಿದರಂತೆ. ಸಾರಾಯಿ ನಿಂತಿತು, ಪರವಾನಗಿಯ ಅಂಗಡಿಗಳ ಶೀಸೆ ನಿಲ್ಲಲಿಲ್ಲ. ಯಜಮಾನರು ಶೀಸೆಗೆ ತಿರುಗಿದರು.

“ಆ ದೇಶದಾಗ ಒಂದು ಬಟ್ಟಲಿಗೇ ನಿಲ್ಲಸ್ತಾರೇನ್ರಿ?” ಎಂದು ಅವರು ಕೇಳಿದರು.

ಎಲ್ಲರೂ ನಿಲ್ಲಿಸುವರೆಂದು ಹೇಳಲಾಗದು ಎಂದೆವು. ಅವರು ತಲೆದೂಗಿ, ಎಲೆಗೆ ಸುಣ್ಣ ಸವರತೊಡಗಿದರು.