ಸುರಪುರದ ಗುಡ್ಡವೂ ಸೀತೆಯ ಕಥೆಯೂ

ಕಳೆದ ಮಾಘಮಾಸದಲ್ಲಿ ನಾವು ಮಗಳೊಡನೆ ಕಲಬುರ್ಗಿಯಲ್ಲಿ ರೈಲು ಹತ್ತಿ ಯಾದಗಿರಿಗೆ ಹೊರಟೆವು. ಸುರಪುರದ ವೇಣುಗೋಪಾಲಸ್ವಾಮಿಯ ದರ್ಶನವೆಂದು ನೆರೆಹೊರೆಯವರಿಗೆ ಹೇಳಿದ್ದೆವು. ವಾಸ್ತವವಾಗಿ, ಆಕೆಯ ತಾಯಿ ಎರಡು ತಿಂಗಳಿಂದ ಎತ್ತುತ್ತಿದ್ದ ಒಂದು ಪ್ರಸ್ತಾಪವನ್ನು ನಾವು ನಾಳೆ ನಾಳೆ ಎಂದು ಮುಂದೂಡುತ್ತ ಬಂದಿದ್ದೆವು. ಮನೆಯಲ್ಲಿ ಆಡಲಾಗದ ಮಾತು ದಾರಿಯಲ್ಲಿ ಸುಲಭವಾದೀತೆಂಬ ಆಸೆಯಿತ್ತು.

ಗಾಡಿಯಲ್ಲಿ ಮಗಳು ಇಂಗ್ಲಿಷ್ ಕಾದಂಬರಿಯೊಂದನ್ನು ಓದುತ್ತಿದ್ದಳು. ಮೂರನೆಯ ಜಾರ್ಜ್ ದೊರೆಯು ಬುದ್ಧಿವಿಕಲನಾದಾಗ 1811ರಿಂದ 1820ರ ವರೆಗೆ ಅವನ ಮಗನು ಪ್ರತಿನಿಧಿಯಾಗಿ ರಾಜ್ಯಭಾರ ಮಾಡಿದ ಕಾಲಕ್ಕೆ ರೀಜೆನ್ಸಿಯೆಂದು ಹೆಸರು. ಜಾರ್ಜೆಟ್ ಹೇಯರ್ ಎಂಬ ಲೇಖಕಿ 1935ರಲ್ಲಿ 'ರೀಜೆನ್ಸಿ ಬಕ್' ಬರೆದ ಮೇಲೆ ಆ ಕಾಲದ ಪ್ರಣಯಕಥೆಗಳ ದೊಡ್ಡ ಸಂತಾನವೇ ಬೆಳೆದಿದೆ. ಮಗಳ ಕೈಲಿದ್ದ ಪುಸ್ತಕದಲ್ಲಿ ಒಬ್ಬ ಡ್ಯೂಕನು ತನ್ನ ಮನೆಯ ಮಕ್ಕಳಿಗೆ ಪಾಠ ಹೇಳುವ ಬಡ ಹೆಣ್ಣನ್ನು ಮೆಚ್ಚುತ್ತಾನೆ. ಇಂಥವನ್ನು ಓದುವುದು ಕಾಲಹರಣವೆಂದು ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುತ್ತಿದ್ದ ನಾವು ವಾಡಿ ಜಂಕ್ಷನ್ನಿನಲ್ಲಿ ಅದನ್ನು ಕೈಗೆತ್ತಿಕೊಂಡು ಯಾದಗಿರಿ ಬರುವವರೆಗೂ ಕೆಳಗಿಡಲಿಲ್ಲವೆಂದು ವಾಚಕರಲ್ಲಿ ಒಪ್ಪಿಕೊಳ್ಳುತ್ತೇವೆ.

ಯಾದಗಿರಿಯ ಕೋಟೆಬೆಟ್ಟವನ್ನು ಕೆಳಗಿನಿಂದಲೇ ನೋಡಿ ಬಸ್ಸು ಹಿಡಿದೆವು. ಶಹಾಪುರದ ಬಳಿ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುವುದು ಪ್ರಸಿದ್ಧವಾಗಿದೆ. ಹಣೆ, ಮೂಗು, ಎದೆ ಎಲ್ಲವೂ ಸ್ಪಷ್ಟ. ಮುಂದೆ ಬಂಡೆಗಳ ನಡುವಿನ ಸುರಪುರ.

ದೇವರ ದರ್ಶನವಾದ ಮೇಲೆ ಗುಡ್ಡದ ಮೇಲಿನ ಟೇಲರ್ ಮಂಜಿಲಿಗೆ ಏರಿದೆವು. ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದು ವರ್ಷದ ಹುಡುಗನಾಗಿ ಹಿಂದೂಸ್ಥಾನಕ್ಕೆ ಬಂದವನು. 1841ರಿಂದ 1853ರ ವರೆಗೆ ಈ ಬೇಡರ ಸಂಸ್ಥಾನದಲ್ಲಿದ್ದು, ಬಾಲರಾಜ ವೆಂಕಟಪ್ಪನಾಯಕನ ಪರವಾಗಿ ಕಾರಭಾರ ನೋಡಿದನು. ಆ ಹುಡುಗನು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನು.

ಟೇಲರನ ಮದುವೆಯೇ ಒಂದು ಕಥೆ. ಅವನ ಹೆಂಡತಿ ಮೇರಿಯು ಹೈದರಾಬಾದಿನ ವಿಲಿಯಂ ಪಾಲ್ಮರನ ಮಗಳು. ಲಂಡನ್ನಿನಲ್ಲಿ ರಾಜಪ್ರತಿನಿಧಿಯು ಆಳುತ್ತಿದ್ದ ಅದೇ ವರ್ಷಗಳಲ್ಲಿ ಈ ಪಾಲ್ಮರನು ನಿಜಾಮರ ಸರ್ಕಾರಕ್ಕೆ ಸಾಲ ಕೊಡುವ ದೊಡ್ಡ ಸಾಹುಕಾರನಾಗಿದ್ದನು. ಅವನ ತಂದೆ ಇಂಗ್ಲಿಷ್ ಸೇನಾಧಿಕಾರಿ; ತಾಯಿ ಫೈಜ್ ಬಕ್ಷ್ ಎಂಬ ಮುಸಲ್ಮಾನ ಬೇಗಂ. ಟೇಲರನು ಸುರಪುರದಲ್ಲಿದ್ದಾಗಲೇ ಮೇರಿ ತೀರಿಕೊಂಡಳು. ಆತ ಮುಂದೆ ಬರೆದ ಕಾದಂಬರಿಗಳಲ್ಲಿ ಗೆರೆ ದಾಟಿದ ಪ್ರೇಮವು ಮತ್ತೆ ಮತ್ತೆ ಬರುವುದಕ್ಕೆ ನಾವು ಬೇರೆ ಕಾರಣ ಹುಡುಕಹೋಗುವುದಿಲ್ಲ. 1863ರ 'ತಾರಾ'ದಲ್ಲಿ ತುಳಜಾಪುರದ ಬ್ರಾಹ್ಮಣ ಬಾಲವಿಧವೆಯು ಅಫಜಲಖಾನನ ಮಗನನ್ನು ವರಿಸುತ್ತಾಳೆ. 1872ರ 'ಸೀತಾ'ದಲ್ಲಿ ಅಕ್ಕಸಾಲಿಗರ ಮನೆಯ ವಿಧವೆಯನ್ನು ಸಿರಿಲ್ ಬ್ರಾಂಡನ್ ಎಂಬ ಇಂಗ್ಲಿಷ್ ಅಧಿಕಾರಿ ಹಿಂದೂ ವಿಧಿಯಂತೆ ಕೈಹಿಡಿಯುತ್ತಾನೆ. ಆ ಮದುವೆಯನ್ನು ಅವನ ಸಮಾಜ ಒಪ್ಪದು. 1857ರ ದಂಗೆಯಲ್ಲಿ ಗಂಡನಿಗೆ ಬಂದ ಈಟಿಗೆ ತಾನು ಅಡ್ಡಬಂದು ಸೀತೆ ಸಾಯುತ್ತಾಳೆ. ಬ್ರಾಂಡನನು ಇಂಗ್ಲಿಷ್ ಕನ್ಯೆಯನ್ನು ವರಿಸಿ, ಕುಲದ ಪದವಿಯನ್ನು ಪಡೆಯುತ್ತಾನೆ.

ಮಂಜಿಲಿನ ಮೆಟ್ಟಿಲ ಮೇಲೆ ಕುಳಿತು ಇದನ್ನು ಹೇಳಿದಾಗ ಮಗಳು ಪುಸ್ತಕ ಮುಚ್ಚಿದಳು.

"ಆಕೀನ್ನ ಯಾಕ ಸಾಯಿಸಿದ, ಅಪ್ಪಾ?"

ಬದುಕಿದ್ದರೆ ಆಕೆಯನ್ನು ವಿಲಾಯತಿಯ ಅರಮನೆಯಲ್ಲಿ ಎಲ್ಲಿ ಕೂಡಿಸಬೇಕೆಂದು ಟೇಲರನಿಗೇ ತಿಳಿಯಲಿಲ್ಲವೆಂದೆವು. 'ಸೀತಾ' ಅಚ್ಚಾದ 1872ರಲ್ಲಿಯೇ ಜಾತಿಮತ ಮೀರಿದ ಮದುವೆಗೆ ಸರ್ಕಾರವು ಒಂದು ಕಾಯಿದೆ ಮಾಡಿತು. ಆದರೆ ವಧೂವರರು ತಾವು ಹಿಂದೂಗಳೂ ಅಲ್ಲ, ಕ್ರೈಸ್ತರೂ ಅಲ್ಲವೆಂದು ಬರೆದುಕೊಡಬೇಕಾಗಿತ್ತು. ನಮ್ಮ ಶೂದ್ರಕ ಕವಿಯು ಹೆಚ್ಚು ಧೈರ್ಯವಂತನು. 'ಮೃಚ್ಛಕಟಿಕ'ದ ಗಣಿಕೆ ವಸಂತಸೇನೆಯ ಕತ್ತು ಹಿಸುಕಿದರೂ ಅವಳು ಬದುಕುತ್ತಾಳೆ, ಚಾರುದತ್ತನಿಗೆ ವಧುವಾಗುತ್ತಾಳೆ. ಆದರೆ ಅದಕ್ಕೂ ಹಳೆಯ ರಾಜನು ಹೋಗಿ, ಗೋಪಾಲಕನಾಗಿದ್ದ ಆರ್ಯಕನು ಪಟ್ಟಕ್ಕೆ ಬರಬೇಕಾಯಿತು!

ನಮ್ಮ ಪಾಂಡಿತ್ಯವನ್ನು ಮಗಳು ಸುಮ್ಮನೆ ಕೇಳಿದಳು. ಅನಂತರ, ತಾಯಿಯ ಮೂಲಕ ನಮಗೆ ಗೊತ್ತಾಗಿದ್ದ ಆ ಹುಡುಗನ ಹೆಸರನ್ನು ಮೊದಲ ಬಾರಿ ತಾನೇ ಹೇಳಿದಳು. ಜೊತೆಯಲ್ಲಿ ಕೆಲಸ ಮಾಡುವವನು; ನಾಲ್ಕು ವರ್ಷದ ಪರಿಚಯ.

"ಅವರಪ್ಪ ಏನು ಮಾಡ್ತಾರ? ಯಾವ ಮಂದಿ?" ಎಂದು ನಮ್ಮ ಬಾಯಿಂದ ಹೊರಟಿತು.

ಶಕುಂತಲೆಯನ್ನು ಕಂಡೊಡನೆ ದುಷ್ಯಂತನಿಗೂ ಮೊದಲು ಹುಟ್ಟಿದ್ದು ಅವಳ ಜನ್ಮದ ವಿಚಾರವೇ. ಆ ಅಂಕವನ್ನು ಮೂವತ್ತು ವರ್ಷ ಪಾಠ ಹೇಳಿ, ರಾಜನ ವಿವೇಕವೆಂದು ಕೊಂಡಾಡಿದ್ದೆವು. ಅಂದು ನಮಗೆ ನಾಚಿಕೆಯಾಯಿತು.

"ಚಪ್ಪಲಿ ಹೊಲೀತಿದ್ರು. ಈಗ ಕಣ್ಣು ಕಾಣಂಗಿಲ್ಲ" ಎಂದಳು.

ಗಾಳಿ ಬಲವಾಗಿತ್ತು. ಕೆಳಗಿನ ಊರಿನಲ್ಲಿ ಮಕ್ಕಳು ಶಾಲೆ ಬಿಟ್ಟು ಬರುವುದು ಕಾಣುತ್ತಿತ್ತು. 1954ರ ವಿಶೇಷ ವಿವಾಹ ಕಾಯಿದೆಯಂತೆ ನೋಟೀಸನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಅಂಟಿಸಿ ಮೂವತ್ತು ದಿನ ಕಾಯಬೇಕೆಂದೂ, ಯಾವ ಧರ್ಮವನ್ನೂ ಬಿಟ್ಟೆನೆಂದು ಈಗ ಬರೆದುಕೊಡಬೇಕಾಗಿಲ್ಲವೆಂದೂ ಮಗಳು ವಿವರಿಸಿದಳು. ಎಲ್ಲವನ್ನೂ ವಿಚಾರಿಸಿಕೊಂಡೇ ಬಂದಿದ್ದಳು. ಆಮೇಲೆ ಸ್ವಲ್ಪ ತಡೆದು,

"ಮೂರು ಮಂದಿ ಸಾಕ್ಷಿ ಬೇಕು, ಅಪ್ಪಾ. ಇಬ್ಬರು ಸಿಕ್ಕಾರ" ಎಂದಳು.

ನಾವು ಕನ್ನಡಕವನ್ನು ಒರೆಸಿಕೊಂಡು, ತಾರೀಖು ಯಾವುದೆಂದು ಕೇಳಿದೆವು.