ಅರ್ಧ ಬೆಟ್ಟ, ಅರ್ಧ ಊರು

ಇದನ್ನ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. ಆದರೆ ಮನೆಯವಳ ಪರ್ಮಿಷನ್ ಬೇಕಿತ್ತು. ನಿನ್ನೆ ರಾತ್ರಿ ಸಿಕ್ತು. "ನನ್ನ ತಪ್ಪು ಬೇಕಾದ್ರೆ ಬರಿ, ನಿನ್ನ ತಪ್ಪು ಮಾತ್ರ ಮುಚ್ಚಿಡಬೇಡ" ಅನ್ನೋ ಕಂಡೀಷನ್ ಮೇಲೆ.

ವಿಷಯ ಇಷ್ಟೆ. ನನಗೆ ಪ್ರವಾಸ ಅಂದ್ರೆ ಪ್ಲಾನು. ಎಷ್ಟು ಗಂಟೆಗೆ ಹೊರಡೋದು, ಎಲ್ಲಿ ತಿಂಡಿ, ಯಾವ ಜಾಗಕ್ಕೆ ಎಷ್ಟು ನಿಮಿಷ, ಎಲ್ಲಾ ಎಕ್ಸೆಲ್ ಶೀಟಿನಲ್ಲಿ ಇರಬೇಕು. ಅವಳಿಗೆ ಪ್ರವಾಸ ಅಂದ್ರೆ ಕಾರು ನಿಲ್ಲಿಸೋದು. ಹುಣಸೆ ಮರ ಕಂಡ್ರೆ ನಿಲ್ಲಿಸು, ಕುರಿ ಮಂದೆ ಬಂದ್ರೆ ನಿಲ್ಲಿಸು, ಹೊಲದಲ್ಲಿ ಯಾರೋ ಕಡಲೇಕಾಯಿ ಕೀಳ್ತಿದ್ರೆ ಇಳಿದು ಮಾತಾಡಿಸು. ಮದುವೆಯಾಗಿ ಒಂದೂವರೆ ವರ್ಷ ಆದ್ರೂ ಈ ವಿಷಯಕ್ಕೆ ನಾವು ಜಗಳ ಆಡಿರಲಿಲ್ಲ. ಯಾಕಂದ್ರೆ ಒಟ್ಟಿಗೆ ಎಲ್ಲೂ ದೂರ ಹೋಗಿರಲೇ ಇಲ್ಲ!

ಕಳೆದ ಫೆಬ್ರವರಿಯ ಒಂದು ಶನಿವಾರ ನಮ್ಮ ಕಡೆ ಊರುಗಳನ್ನ ತೋರಿಸ್ತೀನಿ ಅಂತ ಕರ್ಕೊಂಡು ಹೊರಟೆ. ಬೆಂಗಳೂರಿಂದ ದಾಬಸ್‌ಪೇಟೆಗೆ ಹೋಗಿ ಬಲಕ್ಕೆ ತಿರುಗಿ ಕೊರಟಗೆರೆ, ಅಲ್ಲಿಂದ ಮಧುಗಿರಿ, ಪಾವಗಡ, ಆಮೇಲೆ ಶಿರಾ, ಹೈವೇ ಹಿಡಿದು ವಾಪಸ್. ಸುಮಾರು 350 ಕಿ.ಮೀ. ನಾಲ್ಕು ತಾಲ್ಲೂಕು, ಒಂದೇ ದಿನ. ಶೀಟಿನಲ್ಲಿ ತುಂಬಾ ಚೆನ್ನಾಗಿ ಕಾಣ್ತಿತ್ತು.

ಬೆಳಿಗ್ಗೆ ಐದಕ್ಕೆ ಹೊರಡಬೇಕಾದವರು ಆರೂವರೆಗೆ ಹೊರಟ್ವಿ. ಗೊರವನಹಳ್ಳಿ ಮಹಾಲಕ್ಷ್ಮಿ ದರ್ಶನ ಆದ ಮೇಲೆ ಹತ್ತಿರದ ತೀತಾ ಜಲಾಶಯದ ದಡದಲ್ಲಿ ಕೂತ್ಕೋಬೇಕು ಅಂದಳು. ಒಂದು ಗಂಟೆ ಬೇಕು ಅಂದಳು, ನಾನು ಆಗಲ್ಲ ಅಂದೆ. ಕೊನೆಗೆ ಹದಿನೈದು ನಿಮಿಷಕ್ಕೆ ಒಪ್ಪಂದ. ಅವಳು ಚಪ್ಪಲಿ ಬಿಟ್ಟು ಕೂತಳು, ನಾನು ಕಾರಿನ ಕೀ ಆಡಿಸ್ತಾ ನಿಂತಿದ್ದೆ. ಅದನ್ನ ಕೂತಿದ್ದು ಅಂತ ಹೇಳೋಕಾಗುತ್ತಾ, ನೀವೇ ಹೇಳಿ.

ಮಧುಗಿರಿ ತಲುಪಿದಾಗ ಹನ್ನೊಂದು ಗಂಟೆ. ಆ ಬೆಟ್ಟ ನೋಡಿದವರಿಗೆ ಗೊತ್ತು, ಸಮುದ್ರ ಮಟ್ಟದಿಂದ 3,930 ಅಡಿ ಎತ್ತರಕ್ಕೆ ಏರಿರೋ ಒಂದೇ ಕಲ್ಲು. ಏಷ್ಯಾದ ಎರಡನೇ ದೊಡ್ಡ ಏಕಶಿಲೆ ಅಂತ ಹೇಳ್ತಾರೆ. ಊರಿಗೆ ಮೊದಲು ಮದ್ದಗಿರಿ ಅಂತಲೇ ಹೆಸರಿತ್ತು, 1927ರಲ್ಲಿ ಮಧುಗಿರಿ ಆಯಿತು. ನಮ್ಮಜ್ಜಿ ಮಾತ್ರ ಕೊನೆವರೆಗೂ ಮದ್ದಗಿರಿ ಅಂತಲೇ ಅಂತಿದ್ದರು. ಮೇಲಕ್ಕೆ ಹೋದ ಹಾಗೆ ಮೆಟ್ಟಿಲು ಮುಗಿದು, ಬಂಡೆಯಲ್ಲಿ ಕೊರೆದ ಗುಳಿಗೆ ಕಾಲಿಟ್ಟು ಕಂಬಿ ಹಿಡ್ಕೊಂಡು ಹತ್ತಬೇಕು. ಆ ಬಿಸಿಲಿಗೆ ಬಂಡೆ ಹೆಂಚಿನ ಹಾಗೆ ಕಾದಿತ್ತು. ಅರ್ಧ ದಾರೀಲಿ ಅವಳು "ಸಾಕು" ಅಂದಳು, ನಾನು "ತುದಿಗೆ ಹೋಗೋಣ" ಅಂದೆ. ಮತ್ತೆ ಒಪ್ಪಂದ. ಇನ್ನೊಂದು ಬಾಗಿಲ ತನಕ ಹತ್ತಿ ಇಳಿದು ಬಂದ್ವಿ. ಅವಳಿಗೆ ಸುಸ್ತು, ನನಗೆ ತುದಿ ಸಿಗಲಿಲ್ಲ.

ಪಾವಗಡದಲ್ಲಿ ಆಗಿದ್ದು ಇನ್ನೂ ಬೇಜಾರಿನ ವಿಷಯ. ನಾನು ಎಂಟನೇ ವಯಸ್ಸಿನ ತನಕ ಬೆಳೆದ ಊರದು, ಅಪ್ಪ ಅಲ್ಲಿ ಮೇಷ್ಟ್ರಾಗಿದ್ದರು. ಶನಿಮಹಾತ್ಮನ ಗುಡಿಯಿಂದ ಹೊರಗೆ ಬರುವಾಗ ಅವಳು ಕೇಳಿದಳು, "ನೀವಿದ್ದ ಮನೆ ಯಾವ ಕಡೆ?" ಎರಡು ಬೀದಿ ಆಚೆ ಇತ್ತು. ನಾನು ಫೋನ್ ನೋಡಿ, "ಟೈಮಿಲ್ಲ, ಇನ್ನೊಂದ್ಸಲ" ಅಂದೆ.

ಶಿರಾ ತಲುಪುವಾಗ ಕತ್ತಲಾಗಿತ್ತು. ಕಗ್ಗಲಡು ಹಕ್ಕಿಗಳು ಶೀಟಿನ ಕೊನೇ ಸಾಲಿನಲ್ಲೇ ಉಳಿದವು. ನಾನು ಅವಳು ನಿಲ್ಲಿಸಿದ ಜಾಗಗಳ ಲೆಕ್ಕ ತೆಗೆದೆ, ಇಷ್ಟು ನಿಮಿಷ ಇಲ್ಲಿ, ಇಷ್ಟು ನಿಮಿಷ ಅಲ್ಲಿ ಅಂತ. ಅವಳು ಯಾವಾಗಲೂ ನನ್ನನ್ನ 'ನೀನು' ಅಂತಾಳೆ, ಕೋಪ ಬಂದಾಗ ಮಾತ್ರ ಬಹುವಚನ. ಅವತ್ತು ತಣ್ಣಗೆ ಹೇಳಿದಳು, "ನಿಮ್ಮ ಜೊತೆ ಬಂದ್ರೆ ಊರು ನೋಡಿದ ಹಾಗಾಗಲ್ಲ ರೀ, ಹಾಜರಿ ಹಾಕಿದ ಹಾಗಾಗುತ್ತೆ. ನನ್ನನ್ನ ಬಸ್‌ಸ್ಟ್ಯಾಂಡಲ್ಲಿ ಇಳಿಸಿಬಿಡಿ." ಇಳಿಸಲಿಲ್ಲ ಬಿಡಿ. ಆದರೆ ಬೆಂಗಳೂರಿನ ತನಕ ಇಬ್ಬರೂ ಮಾತಾಡಲಿಲ್ಲ. ಆ ವಾರವೆಲ್ಲಾ ಮನೆಯಲ್ಲಿ ಬೇಕಾದಷ್ಟೇ ಮಾತು.

ನಾನು ಯಾಕೆ ಹೀಗೆ ಅಂತ ಆ ವಾರ ಯೋಚನೆ ಮಾಡಿದೆ. ಚಿಕ್ಕವನಿದ್ದಾಗ ನಮ್ಮ ಪ್ರಯಾಣ ಅಂದ್ರೆ ಒಂದೇ, ರಜೆಗೆ ಪಾವಗಡದಿಂದ ಕೊರಟಗೆರೆ ಹತ್ತಿರದ ನಮ್ಮೂರಿಗೆ. ಬಸ್ ಮಿಡಿಗೇಶಿ, ಮಧುಗಿರಿ ಮೇಲೆ ಬರುತ್ತೆ, ನಡುವೆ ಸ್ವಲ್ಪ ದೂರ ಆಂಧ್ರದ ಒಳಗೆ ಹಾದು ಬರುತ್ತೆ. ಕೊರಟಗೆರೆಯಿಂದ ಊರಿಗೆ ಸಂಜೆ ಒಂದೇ ಕೊನೇ ಬಸ್ಸು. ನನಗೆ ಆರು ವರ್ಷ ಇದ್ದಾಗ ಅದು ತಪ್ಪಿಹೋಯಿತು. ರಾತ್ರಿಯೆಲ್ಲಾ ಬಸ್‌ಸ್ಟ್ಯಾಂಡ್ ಬೆಂಚಿನ ಮೇಲೆ. ಅಮ್ಮನ ಮಡಿಲಲ್ಲಿ ತಂಗಿ, ಅಪ್ಪ ಬೆಳಗಿನ ತನಕ ಒಂದು ಮಾತೂ ಆಡಲಿಲ್ಲ. ಆಮೇಲೆ ಅಪ್ಪ ಯಾವ ಬಸ್ಸಿಗಾದರೂ ಒಂದು ಗಂಟೆ ಮೊದಲೇ ಹೋಗಿ ನಿಲ್ಲೋರು. ಈಗ ನನ್ನ ಹತ್ತಿರ ಸ್ವಂತ ಕಾರಿದೆ, ತಪ್ಪೋಕೆ ಬಸ್ಸೇ ಇಲ್ಲ. ಆದ್ರೂ ಆ ಕೊನೇ ಬಸ್ಸು ನನ್ನ ತಲೆಯಿಂದ ಹೋಗಿಲ್ಲ. ಅವಳದು ಬೇರೆ. ಸಾಗರದ ಕಡೆಯವಳು, ಅವಳಪ್ಪ ಹಳೇ ಓಮ್ನಿಯಲ್ಲಿ ಮಕ್ಕಳನ್ನ ತುಂಬ್ಕೊಂಡು ಹಳ್ಳ ಸಿಕ್ಕಿದ ಕಡೆಯೆಲ್ಲಾ ನಿಲ್ಲಿಸ್ತಿದ್ದರಂತೆ.

ಇದನ್ನ ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರ್ಧರ್ಧ ಮಾಡಿದ್ದೇ ತಪ್ಪು. ಅರ್ಧ ಬೆಟ್ಟ ಹತ್ತಿದ್ರೆ ಯಾರಿಗೆ ಲಾಭ? ಊರೇ ಹಂಚ್ಕೊಳೋಣ" ಅಂದಳು.

ಹಾಗೇ ಮಾಡಿದ್ವಿ. ಯುಗಾದಿ ಹಿಂದಿನ ವಾರ, ಸೋಮವಾರ ರಜೆ ಹಾಕಿ ಮೂರು ದಿನ. ಕೊರಟಗೆರೆ, ಪಾವಗಡ ಅವಳದು. ಮಧುಗಿರಿ, ಶಿರಾ ನನ್ನದು. ರೂಲ್ಸ್ ಎರಡೇ. ಒಬ್ಬರ ಊರಲ್ಲಿ ಇನ್ನೊಬ್ಬರು ಮುಖ ಊದಿಸ್ಕೋಬಾರದು. ಇಷ್ಟ ಇಲ್ಲದ್ದಕ್ಕೆ ಜೊತೆಗೆ ಬರಲೇಬೇಕು ಅಂತಿಲ್ಲ.

ಶನಿವಾರ ತೀತಾ ದಡದಲ್ಲಿ ಎರಡೂವರೆ ಗಂಟೆ. ಮೊದಲ ಅರ್ಧ ಗಂಟೆ ನನಗೆ ಹಿಂಸೆಯಾಗಿತ್ತು, ಸುಳ್ಳು ಹೇಳಲ್ಲ. ಆಮೇಲೆ ನಿದ್ದೆ ಬಂತು!

ಭಾನುವಾರ ಬೆಳಿಗ್ಗೆ ಆರಕ್ಕೆ ಮಧುಗಿರಿ ಬೆಟ್ಟ. ಅವಳು ಕೆಳಗಿನ ಬಾಗಿಲ ತನಕ ಬಂದು, ಪುಸ್ತಕ ಹಿಡ್ಕೊಂಡು ನೆರಳಲ್ಲಿ ಕೂತಳು. ನಾನೊಬ್ಬನೇ ತುದಿ ತನಕ ಹೋದೆ. ಮೇಲೆ ಹಾಳುಬಿದ್ದ ಗೋಪಾಲಕೃಷ್ಣನ ಗುಡಿ, ಗಾಳಿ, ಸುತ್ತ ಕೆರೆಗಳು. ಯಾರನ್ನೂ ಕಾಯಿಸ್ತಿಲ್ಲ, ಯಾರನ್ನೂ ಎಳೀತಿಲ್ಲ ಅನ್ನೋ ನೆಮ್ಮದಿ. ಇಳಿದು ಬಂದಾಗ ಅವಳು ಬೆಟ್ಟಕ್ಕೆ ಬಂದಿದ್ದ ನಾಲ್ಕು ಹುಡುಗಿಯರ ಜೊತೆ ಸೌತೆಕಾಯಿ ತಿಂತಾ ಹರಟೆ ಹೊಡೀತಿದ್ದಳು.

ಮಧ್ಯಾಹ್ನ ಪಾವಗಡ, ಅವಳ ಸರದಿ. ಎಲ್ಲಿಗೆ ಅಂತ ಕೇಳಿದ್ರೆ, "ನೀನಿದ್ದ ಮನೆಗೆ" ಅಂದಳು.

ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆ ಅಜ್ಜಿ ಜಗಲಿ ಮೇಲೆ ಕಡಲೇಕಾಯಿ ಸುಲೀತಿದ್ದರು. ಗುರುತು ಹೇಳಿದ ತಕ್ಷಣ "ಮೇಷ್ಟ್ರ ಮಗನಾ ನಾಯನಾ!" ಅಂತ ಕೈ ಹಿಡ್ಕೊಂಡರು. ಅರ್ಧ ಕನ್ನಡ, ಅರ್ಧ ತೆಲುಗು. ಮೂರು ಗಂಟೆ ಅಲ್ಲೇ ಕೂತ್ವಿ. ತಿರುಮಣಿ ಸೋಲಾರ್ ಪಾರ್ಕಿಗೆ ಅವರ ತಮ್ಮ ಜಮೀನು ಗುತ್ತಿಗೆಗೆ ಕೊಟ್ಟಿದ್ದಾರಂತೆ. ಸುಮಾರು 13,000 ಎಕರೆ, 2,050 ಮೆಗಾವಾಟ್, 2018ರಲ್ಲಿ ಉದ್ಘಾಟನೆ ಅಂತ ನಾನು ಶುರು ಮಾಡಿದೆ. ಅಜ್ಜಿ ನನ್ನ ಬಾಯನ್ನೇ ನೋಡ್ತಾ, "ಆ ನೀರು ಹಲ್ಲಲ್ಲಿ ಹಾಗೇ ಉಳಿದಿದೆ ನೋಡು" ಅಂದರು.

ಆಗ ಬೋರ್‌ವೆಲ್ ನೀರೇ ಗತಿ, ಫ್ಲೋರೈಡ್ ತುಂಬಿದ ನೀರು. ಅಲ್ಲಿ ಬೆಳೆದ ಎಷ್ಟೋ ಮಕ್ಕಳ ಹಲ್ಲು ಕಂದು ಗೆರೆ ಬಿದ್ದಿರುತ್ತೆ, ನನ್ನದೂ ಅಷ್ಟೆ. ಒಳ್ಳೆ ನೀರಿಗೆ ಅಮ್ಮ ಎಲ್ಲೆಲ್ಲಿಂದ ಬಿಂದಿಗೆ ಹೊರ್ತಿದ್ದರು ಅಂತ ಅಜ್ಜಿ ಇವಳಿಗೆ ಹೇಳ್ತಾ ಹೋದರು. ಇವಳು ನನ್ನ ಹಲ್ಲು ಕಾಫಿಯಿಂದ ಹೀಗಾಗಿದೆ ಅಂದ್ಕೊಂಡು ಯಾವಾಗಲೂ ರೇಗಿಸ್ತಿದ್ದಳು. ಫೋಟೋದಲ್ಲಿ ಬಾಯಿ ಮುಚ್ಚಿ ನಗ್ತೀಯ ಅಂತಲೂ. ನಾನು ಯಾವತ್ತೂ ಕಾರಣ ಹೇಳಿರಲಿಲ್ಲ. ಕಾರಿಗೆ ಬಂದ ಮೇಲೆ, "ಯಾಕೆ ಹೇಳಲಿಲ್ಲ?" ಅಂದಳು. ನಾನು ಏನು ಹೇಳಲಿ? "ಟೈಮ್ ಸಿಗಲಿಲ್ಲ" ಅಂದೆ. ನಗ್ತಾ ನಗ್ತಾ ಇಬ್ಬರಿಗೂ ಕಣ್ಣಲ್ಲಿ ನೀರು ಬಂತು.

ಸೋಮವಾರ ಶಿರಾ, ನನ್ನ ಶೀಟು. 1651ರಲ್ಲಿ ತೀರಿಕೊಂಡ ಮಲಿಕ್ ರಿಹಾನ್ ಸಮಾಧಿ, ಮೊಗಲರ ಕಾಲದ ಜುಮ್ಮಾ ಮಸೀದಿ, ಕೋಟೆ, ಊಟ, ಎಲ್ಲಾ ಟೈಮಿಗೆ ಸರಿಯಾಗಿ. ಸಂಜೆ ನಾಲ್ಕೂವರೆಗೆ ಕಗ್ಗಲಡು. ಊರ ಒಳಗಿನ ಹುಣಸೆ ಮರಗಳ ತುಂಬಾ ಬಣ್ಣದ ಕೊಕ್ಕರೆ. ಕೆಳಗೆ ಮನೆ, ದನ, ಮಕ್ಕಳ ಆಟ, ಮೇಲೆ ಗೂಡು. ಊರಿನವರು ಹಕ್ಕಿಗಳನ್ನ ಯಾರೂ ಓಡಿಸೋಕೆ ಬಿಡಲ್ಲ. ಬಿಸಿಲು ಇಳಿದ ಹಾಗೆ ಒಂದೊಂದೇ ಕೊಕ್ಕರೆ ರೆಕ್ಕೆ ಅಗಲ ಮಾಡ್ಕೊಂಡು ಬಂದಿಳೀತಿತ್ತು. "ನಿನ್ನ ಶೀಟು ಇಲ್ಲದಿದ್ರೆ ಇದು ಇವತ್ತೂ ತಪ್ಪೋದು" ಅಂತ ಅವಳೇ ಹೇಳಿದಳು. ಶೀಟಿನಲ್ಲಿ ಇದಕ್ಕೆ ನಲವತ್ತು ನಿಮಿಷ ಇತ್ತು, ಕತ್ತಲಾಗೋ ತನಕ ನಾನೇ ಎದ್ದೇಳಲಿಲ್ಲ.

ಎಲ್ಲಾ ಸರಿಹೋಯ್ತು ಅಂತಲ್ಲ. ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋದಾ, ಮನೆಗೆ ಹೋಗಿ ಊಟ ಮಾಡೋದಾ ಅಂತ ಮತ್ತೆ ವಾದ ಆಯ್ತು. ಕ್ಯಾತ್ಸಂದ್ರ ಯಾರ ಪಾಲಿನ ಊರು ಅಂತ ನಾವು ಮೊದಲೇ ಮಾತಾಡಿರಲಿಲ್ಲ ನೋಡಿ. ಕೊನೆಗೆ ನಿಲ್ಲಿಸಿದ್ವಿ. ಅಲ್ಲಿ ತೆಗೆದ ಫೋಟೋದಲ್ಲಿ ನಾನು ಹಲ್ಲು ಕಾಣೋ ಹಾಗೆ ನಕ್ಕಿದ್ದೀನಿ. ಮದುವೆ ಆಲ್ಬಮ್ಮಲ್ಲೂ ಅಂಥಾ ಫೋಟೋ ಇಲ್ಲ.

ಮುಂದಿನ ಸಲ ಸಾಗರದ ಕಡೆ. ಅಲ್ಲಿ ನನ್ನ ಪಾಲಿಗೆ ಎಷ್ಟು ಊರು ಬರುತ್ತೋ ಗೊತ್ತಿಲ್ಲ. ನಿಮ್ಮ ಮನೇಲಿ ಹೇಗೆ?