ಮೆಟ್ಟೂರಿನ ಮರಗೆಣಸು

ಮೆಟ್ಟೂರಿಗೆ ಬಂದವರು ಅಣೆಕಟ್ಟನ್ನು ನೋಡಿ ಹಿಂದಿರುಗುತ್ತಾರೆ. 1934ರಲ್ಲಿ ಪೂರ್ಣಗೊಂಡ ಈ ಕಟ್ಟೆಯ ಪೂರ್ಣಮಟ್ಟ 120 ಅಡಿ. ನೀರು ಬಹಳ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಮುಳುಗಿದ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಇಗರ್ಜಿಯ ಗೋಪುರಗಳೂ ಹೊರಗೆ ಕಾಣುತ್ತವೆ. ಆದರೆ ಇಲ್ಲಿನ ನೀರಿನ ಬಹುಪಾಲು ತಂಜಾವೂರಿನ ಗದ್ದೆಗಳ ಪಾಲು. ಸೇಲಂ, ಧರ್ಮಪುರಿಗಳ ಮೇಲುಭೂಮಿಯ ರೈತ ಮಳೆಯನ್ನೂ ಬಾವಿಯನ್ನೂ ನಂಬಿ ಮರಗೆಣಸು ನೆಡುತ್ತಾನೆ.

ತಮಿಳಿನಲ್ಲಿ ಮರವಳ್ಳಿ, ಕುಚ್ಚಿಕಿಳಂಗು ಎಂದು ಕರೆಯುವ ಈ ಬೆಳೆಯ ತವರು ದಕ್ಷಿಣ ಅಮೆರಿಕ. ಬ್ರೆಜಿಲಿನ ಮರಾಞಾವ್ ಪ್ರಾಂತದ ರೈತರು ಇದರಿಂದ 'ತಿಕೀರ' ಎಂಬ ಮದ್ಯವನ್ನು ಭಟ್ಟಿ ಇಳಿಸುತ್ತಾರೆ. ಗೆಣಸಿನ ರೊಟ್ಟಿಗೆ ಬೂಷ್ಟು ಹಿಡಿಯಗೊಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಅದು ಹುಳಿತ ಮೇಲೆ ಕಾಯಿಸಿ ಹನಿಹನಿಯಾಗಿ ಹಿಡಿಯುವುದು ಅಲ್ಲಿಯ ಹಳೆಯ ಕ್ರಮ.

ಅದೇ ಗೆಣಸು ಸೇಲಮಿನಲ್ಲಿ ಬೇರೆ ದಾರಿ ಹಿಡಿಯಿತು. ರಾಜಾಜಿಯವರ ಸರ್ಕಾರ 1937ರ ಅಕ್ಟೋಬರ್ 1ರಂದು ಮದ್ರಾಸ್ ಪ್ರಾಂತದಲ್ಲಿ ಮೊತ್ತಮೊದಲು ಪಾನನಿರೋಧ ತಂದದ್ದು ಈ ಜಿಲ್ಲೆಯಲ್ಲೇ. ಅಬಕಾರಿಯ ಆದಾಯ ಹೋದದ್ದನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂತು. ಗೆಣಸು ಇಲ್ಲಿ ಮದ್ಯವಾಗದಿದ್ದುದಕ್ಕೆ ಆ ಕಾನೂನೇ ಕಾರಣವೆಂದರೆ ಅತಿಯಾದೀತು. ತಾಳೆ, ತೆಂಗುಗಳಿಂದ ಹೆಂಡ ತಾನಾಗಿ ಇಳಿಯುವ ನಾಡಿನಲ್ಲಿ ಬೂಷ್ಟಿನ ರೊಟ್ಟಿಯ ಶ್ರಮ ಯಾರಿಗೆ ಬೇಕಿತ್ತು?

ಎರಡನೆಯ ಮಹಾಯುದ್ಧದಲ್ಲಿ ಮಲಯ, ಜಾವಾಗಳಿಂದ ಸಬ್ಬಕ್ಕಿ ಬರುವುದು ನಿಂತಾಗ, 1943ರ ಸುಮಾರಿಗೆ ಸೇಲಮಿನಲ್ಲಿ ಅದರ ತಯಾರಿಕೆ ಮೊದಲಾಯಿತು. ಗೆಣಸಿನ ಸಿಪ್ಪೆ ತೆಗೆದು, ತೊಳೆದು, ಅರೆದು, ಹಾಲನ್ನು ಸೋಸಿ ತೊಟ್ಟಿಗಳಲ್ಲಿ ನಿಲ್ಲಿಸುತ್ತಾರೆ. ತಳಕ್ಕಿಳಿದ ಒದ್ದೆ ಹಿಟ್ಟನ್ನು ಕುಲುಕಿದಾಗ ಅದು ಉರುಳಿ ಉರುಳಿ ಕಾಳಾಗುತ್ತದೆ. ಕಾಳುಗಳನ್ನು ಬಿಸಿ ತಗಡಿನ ಮೇಲೆ ಹುರಿದು ಅಂಗಳದಲ್ಲಿ ಒಣಗಿಸಿದರೆ ಹಬ್ಬದ ಪಾಯಸದ ಸಬ್ಬಕ್ಕಿ ಸಿದ್ಧ. ಹಸಿ ಗೆಣಸಿನಲ್ಲಿ ಸಯನೈಡ್ ಅಂಶವಿರುವುದರಿಂದ ಮನೆಯಲ್ಲಿ ಸಿಪ್ಪೆ ತೆಗೆದು, ಚೆನ್ನಾಗಿ ಬೇಯಿಸಿ, ಬೆಂದ ನೀರನ್ನು ಚೆಲ್ಲಬೇಕು. ಮಕ್ಕಳು ಹೊಲದಲ್ಲಿ ಕಿತ್ತು ಹಸಿಯಾಗಿ ತಿನ್ನಲಾಗದು.

1981ರಲ್ಲಿ ತಯಾರಕರ ಸಹಕಾರ ಸಂಘ 'ಸಾಗೋಸರ್ವ್' ಹುಟ್ಟಿತು. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ರೈತನ ಲೆಕ್ಕ ಮಾತ್ರ ಬೇರೆ. ಹತ್ತು ತಿಂಗಳು ಕಾದು ಕಿತ್ತ ಗೆಣಸಿಗೆ ಬೆಲೆ ಕಟ್ಟುವುದು ತೂಕದಿಂದಷ್ಟೇ ಅಲ್ಲ, ಅದರಲ್ಲಿರುವ ಪಿಷ್ಟದ 'ಪಾಯಿಂಟ್'ನಿಂದಲೂ. ಅಳತೆ ನಡೆಯುವುದು ಕಾರ್ಖಾನೆಯಲ್ಲಿ. ಕಿತ್ತ ಗೆಣಸು ಎರಡು ಮೂರು ದಿನಗಳಲ್ಲಿ ಕೆಡುವುದರಿಂದ, ಹೇಳಿದ ಪಾಯಿಂಟ್ ಒಪ್ಪದಿದ್ದರೂ ಗಾಡಿಯನ್ನು ಹಿಂದಕ್ಕೆ ಹೊಡೆದುಕೊಂಡು ಬರುವುದು ಸುಲಭವಲ್ಲ.